ಹೊಸ ತಂತ್ರಜ್ಞಾನದಿಂದ ದೇಶದ ಆದಾಯ ಹೆಚ್ಚಿದರೆ ಸಾಲದಾ?

ಓದುಗರ ಪ್ರಶ್ನೆ: ಹೊಸ ಹೊಸ ತಂತ್ರಜ್ಞಾನ ಬಂದರೆ ಆದಾಯ ಹೆಚ್ಚುತ್ತದೆ, ಆದಾಯ ಹೆಚ್ಚಿದರೆ ಜನರ ಬದುಕೂ ಸುಧಾರಿಸುತ್ತದೆ ಅಲ್ವಾ? ಮತ್ತೆ ‘ಜನರ ನೆಮ್ಮದಿ’ಗೆ ಅಂತ ಬೇರೆ ನೀತಿ ಯಾಕೆ?

ಸುಧಾರಿಸಬಹುದು. ಆದರೆ ತಾನಾಗಿಯೇ ಅಲ್ಲ. ದೇಶದ ಆದಾಯ ಲೆಕ್ಕ ಹಾಕುವುದಕ್ಕೆ ಬುನಾದಿ ಹಾಕಿದ ಸೈಮನ್ ಕುಜ್ನೆಟ್ಸ್ ಅವರೇ, ಈ ಅಂಕಿ ನೋಡಿ ಜನ ಚೆನ್ನಾಗಿದ್ದಾರೆ ಅಂತ ತೀರ್ಮಾನಿಸಬೇಡಿ ಎಂದು 1934ರಲ್ಲೇ ಎಚ್ಚರಿಸಿದ್ದರು.

ನಮ್ಮಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ‘ಅಸ್ತ್ರ’ ಎಂಬ ವಿಭಾಗ ಶುರು ಮಾಡಿದರು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದೇ ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಇವರು ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡಬೇಕು ಅಂತ ಮೊದಲಿನ ಯೋಚನೆ. ಅಷ್ಟು ಸೆಗಣಿ ಸಿಗಲಿಲ್ಲ. ಊರಿನವರಿಗೆ ಅದಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಕುಡಿಯುವ ನೀರು. ಹಾಗಾಗಿ 1987ರಿಂದ ಆ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು, ಕರೆಂಟ್ ಮಾಡಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿದರು, ಮನೆಗಳಿಗೆ ದೀಪ ಹಾಕಿದರು. ಮನೆಯವರು ಸೆಗಣಿ ತಂದು ತೂಕ ಹಾಕಿಸಿ, ಅದಕ್ಕೆ ಸ್ವಲ್ಪ ಹಣ ಪಡೆದು, ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಒಯ್ಯುತ್ತಿದ್ದರು.

ಈಗ ಇದನ್ನು ಆದಾಯದ ಲೆಕ್ಕದಲ್ಲಿ ಹುಡುಕಿ ನೋಡಿ. ನಲ್ಲಿ ಬರುವ ಮೊದಲು ನೀರಿಗಾಗಿ ಕೊಡ ಹೊತ್ತು ನಡೆಯುತ್ತಿದ್ದವರಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಹಾಗಾಗಿ ಆ ಕೆಲಸ ತಪ್ಪಿದ್ದೂ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಬೇಸರ ಆಗುವುದು ಇಲ್ಲೇ. ಸಂಶೋಧನೆಗೆ ಎಷ್ಟು ಖರ್ಚಾಯಿತು ಎನ್ನುವುದನ್ನೂ ನಾವು ಜಿಡಿಪಿಯ ಶೇಕಡಾವಾರಿನಲ್ಲೇ ಹೇಳುತ್ತೇವೆ, ಫಲವನ್ನು ಪೇಟೆಂಟ್, ಸ್ಟಾರ್ಟಪ್ ಎಣಿಸಿ ಅಳೆಯುತ್ತೇವೆ. ಯಾರ ಹೆಗಲ ಭಾರ ಇಳಿಯಿತು ಅಂತ ಕೇಳುವ ಕಾಲಂ ಆ ಫಾರಂನಲ್ಲಿ ಇರಬೇಕಲ್ವಾ?

ಬೆಳವಣಿಗೆ ಬೇಡ ಅಂತಲ್ಲ. ಆಸ್ಪತ್ರೆ, ಶಾಲೆ ಕಟ್ಟುವುದಕ್ಕೆ ದುಡ್ಡು ಬೇಕೇ ಬೇಕು. ಆದರೆ ಸರ್ಕಾರ ಒಂದು ಯೋಜನೆಗೆ ಹಣ ಕೊಡುವಾಗ, ಎಷ್ಟು ಲಾಭ ಅನ್ನುವುದಕ್ಕೆ ಮೊದಲು ಯಾರಿಗೆ ಏನು ಬೇಕಾಗಿದೆ ಅಂತ ಆ ಊರಿಗೇ ಹೋಗಿ ಕೇಳಬೇಕು. ಮಾಡಿದ್ದನ್ನು ನಡೆಸಿಕೊಂಡು ಹೋಗುವುದಕ್ಕೂ ಹಣ ಇಡಬೇಕು. ಪುರದಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರು ಬೆಂಗಳೂರಿನಿಂದ ಬಂದ ಎಂಜಿನಿಯರುಗಳಲ್ಲ, ತರಬೇತಿ ಪಡೆದ ಅದೇ ಊರಿನ ಹುಡುಗರು.