ಕೂದಲಿನ ಬೆಳವಣಿಗೆಯ ಹಂತಗಳು ಮತ್ತು ಪಾರ್ಲರಿನ ಕೆಲಸ

ವ್ಯಾಕ್ಸಿಂಗ್ ಮಾಡಿಸಿಕೊಂಡ ಹತ್ತೇ ದಿನಕ್ಕೆ ಕಾಲಿನಲ್ಲಿ ಮತ್ತೆ ಕೂದಲು ಕಾಣಿಸಿಕೊಂಡರೆ ಗ್ರಾಹಕರು ದೂರುವುದು ವ್ಯಾಕ್ಸನ್ನು, ಇಲ್ಲವೇ ಕೆಲಸ ಮಾಡಿದವರ ಕೈಯನ್ನು. ಕೂದಲು ನಡುವೆ ತುಂಡಾಗಿದ್ದರೆ ಆ ದೂರು ನ್ಯಾಯವಾದದ್ದೇ. ಆದರೆ ಬಹಳಷ್ಟು ಸಲ ಹಾಗೆ ಮೇಲೆ ಬಂದಿರುವುದು ಅಂದು ಚರ್ಮದ ಒಳಗೇ ಇದ್ದು ಪಟ್ಟಿಗೆ ಸಿಗದೆ ಉಳಿದ ಕೂದಲು. ಇದನ್ನು ಗ್ರಾಹಕರಿಗೆ ತಿಳಿಸಿ ಹೇಳಬೇಕಾದರೆ ಕೂದಲಿನ ಬೆಳವಣಿಗೆಯ ಚಕ್ರ ನಮಗೆ ಚೆನ್ನಾಗಿ ಗೊತ್ತಿರಬೇಕು.

ಪ್ರತಿಯೊಂದು ಕೂದಲೂ ಬೆಳೆಯುವ, ಹಿಂಜರಿಯುವ ಮತ್ತು ವಿಶ್ರಮಿಸುವ ಮೂರು ಹಂತಗಳನ್ನು ದಾಟಿ ಉದುರುತ್ತದೆ; ಅವುಗಳಿಗೆ ಅನಾಜೆನ್, ಕ್ಯಾಟಜೆನ್, ಟೆಲೋಜೆನ್ ಎಂಬ ಹೆಸರುಗಳಿವೆ. ನೆತ್ತಿಯ ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೇರಿನ ಪೋಷಣೆಯಿಂದ ಬೇರ್ಪಟ್ಟು, ಸುಮಾರು 3 ತಿಂಗಳು ಸುಮ್ಮನೆ ಕುಳಿತಿದ್ದು ಬೀಳುತ್ತದೆ. ಅಕ್ಕಪಕ್ಕದ ಕೂದಲುಗಳು ಒಂದೇ ಹಂತದಲ್ಲಿರುವುದಿಲ್ಲವಾದ್ದರಿಂದಲೇ ನಮ್ಮ ತಲೆ ಒಮ್ಮೆಗೇ ಬೋಳಾಗುವುದಿಲ್ಲ. ಹುಬ್ಬಿನ ಕೂದಲಿಗೆ ಬೆಳೆಯಲು ಸಿಗುವ ಕಾಲ ಕೆಲವೇ ವಾರಗಳು. ಅದು ಜಡೆ ಹೆಣೆಯುವಷ್ಟು ಉದ್ದ ಬಾರದಿರುವುದು ಅದಕ್ಕೇ. ಅಲ್ಲಿಯೂ ಎಲ್ಲ ಕೂದಲು ಒಟ್ಟಿಗೇ ಬೆಳೆಯುವ ಹಂತಕ್ಕೆ ಬಾರದ ಕಾರಣ, ತ್ರೆಡಿಂಗ್‌ನಲ್ಲಿ ತೀರ ಸಣ್ಣಗೆ ತೆಗೆದ ಹುಬ್ಬು ತುಂಬಿಕೊಳ್ಳಲು ಕೆಲವು ತಿಂಗಳು ಬೇಕಾಗುತ್ತದೆ. ವರ್ಷಗಟ್ಟಲೆ ಒಂದೇ ಜಾಗದಿಂದ ಕೀಳುತ್ತಿದ್ದರೆ ಅಲ್ಲಿ ಮತ್ತೆ ಬರದೆಯೂ ಹೋಗಬಹುದು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಬಳಸಿದ ಪಟ್ಟಿಯನ್ನು ಎಸೆಯುವ ಮೊದಲು ದೀಪದ ಕೆಳಗೆ ಹಿಡಿದು ನೋಡಿ ಎಂದು ನಾನು ಹೇಳುತ್ತೇನೆ. ಕೆಲವು ಕೂದಲುಗಳ ಬುಡ ಕಪ್ಪಾಗಿ, ಮೆತ್ತಗೆ, ತೆಳುವಾದ ಪಾರದರ್ಶಕ ಪೊರೆ ಹೊದ್ದುಕೊಂಡಿರುತ್ತದೆ: ಅವು ಬೆಳೆಯುತ್ತಿದ್ದವು. ಇನ್ನು ಕೆಲವುಗಳ ತುದಿಯಲ್ಲಿ ಬಿಳಿಯ ಪುಟ್ಟ ಗಂಟು ಮಾತ್ರ ಇರುತ್ತದೆ: ಅವು ಹೇಗಿದ್ದರೂ ಉದುರಬೇಕಾದವು. ಬುಡವೇ ಇಲ್ಲದವು ಹೆಚ್ಚಿದ್ದರೆ ಪಟ್ಟಿ ಎಳೆದ ದಿಕ್ಕು ಸರಿಯಿರಲಿಲ್ಲ, ಅಥವಾ ಕೂದಲು ಐದಾರು ಮಿಲಿಮೀಟರಿನಷ್ಟು ಬೆಳೆಯುವ ಮೊದಲೇ ವ್ಯಾಕ್ಸ್ ಹಚ್ಚಲಾಗಿದೆ ಎಂದರ್ಥ. ರೇಜರ್ ಬಳಸಿದರೆ ಕೂದಲು ದಪ್ಪವಾಗುತ್ತದೆಂಬ ಹೆದರಿಕೆಗೂ, ಜವಳ ತೆಗೆಸಿದರೆ ಮಗುವಿನ ಕೂದಲು ದಟ್ಟವಾಗುತ್ತದೆಂಬ ನಂಬಿಕೆಗೂ ಉತ್ತರ ಒಂದೇ: ಬ್ಲೇಡು ಬೇರನ್ನು ಮುಟ್ಟುವುದಿಲ್ಲ, ಮೊಂಡಾದ ತುದಿ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ.

ಲೇಸರ್ ಚಿಕಿತ್ಸೆಯಲ್ಲಿ ಈ ತಿಳಿವಳಿಕೆಗೆ ಹಣದ ಲೆಕ್ಕವೂ ಸೇರುತ್ತದೆ. ಲೇಸರಿನ ಬೆಳಕನ್ನು ಹೀರುವುದು ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್. ಆ ಶಾಖ ಬೇರನ್ನು ತಲುಪಬೇಕಾದರೆ ಕೂದಲು ಬೆಳೆಯುವ ಹಂತದಲ್ಲಿದ್ದು ಬೇರಿಗೆ ಅಂಟಿಕೊಂಡಿರಬೇಕು. ಒಂದೇ ಭೇಟಿಯಲ್ಲಿ ಎಲ್ಲವೂ ಸಿಗುವುದಿಲ್ಲವಾದ್ದರಿಂದ ಮುಖಕ್ಕೆ 4ರಿಂದ 6 ವಾರ, ಕೈಕಾಲುಗಳಿಗೆ ಇನ್ನೂ ಹೆಚ್ಚು ಅಂತರ ಬಿಟ್ಟು ಹಲವು ಬಾರಿ ಮಾಡಬೇಕಾಗುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ವ್ಯಾಕ್ಸಿಂಗ್ ಅಥವಾ ತ್ರೆಡಿಂಗ್ ಮಾಡಿದರೆ ಲೇಸರಿಗೆ ಗುರಿಯೇ ಉಳಿಯುವುದಿಲ್ಲ, ಶೇವಿಂಗ್ ಮಾಡಬಹುದು. ನರೆತ ಕೂದಲಿಗೆ ಲೇಸರ್ ಪ್ರಯೋಜನವಿಲ್ಲ ಎಂಬುದನ್ನು ಪ್ಯಾಕೇಜ್ ಮಾರುವ ಮೊದಲೇ ಹೇಳುವುದು ಮರ್ಯಾದೆ.

ಕೂದಲು ಉದುರುವ ವಿಷಯದಲ್ಲಿ ನಮ್ಮ ವೃತ್ತಿ ಇನ್ನಷ್ಟು ಎಚ್ಚರ ವಹಿಸಬೇಕು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಟೈಫಾಯ್ಡ್, ಡೆಂಗಿ ಮುಂತಾದ ತೀವ್ರ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಉಪವಾಸದಂಥ ಡಯಟ್ ಅಥವಾ ಹೆರಿಗೆಯ ತರುವಾಯ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗುತ್ತದೆ. ಅದು ಉದುರುವುದು ಎರಡು ಮೂರು ತಿಂಗಳ ನಂತರ. ಆ ವೇಳೆಗೆ ಜ್ವರ ಮರೆತುಹೋಗಿರುತ್ತದೆ. ತಪ್ಪು ಹೊಸ ಶಾಂಪೂವಿನ ಮೇಲೋ ಊರಿನ ಗಡಸು ನೀರಿನ ಮೇಲೋ ಬೀಳುತ್ತದೆ. ಹಾಗಾಗಿ “ಈಗ ಏನು ಹಚ್ಚುತ್ತಿದ್ದೀರಿ” ಎಂಬುದಕ್ಕಿಂತ “ಮೂರು ತಿಂಗಳ ಹಿಂದೆ ಆರೋಗ್ಯ ಹೇಗಿತ್ತು” ಎಂದು ಕೇಳುವುದು ಹೆಚ್ಚು ಉಪಯುಕ್ತ. ಈ ಬಗೆಯ ಉದುರುವಿಕೆ ಹೆಚ್ಚಾಗಿ ಆರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತದೆ. ಅದೇ ಅವಧಿಯಲ್ಲಿ ಮಾಡಿಸಿದ ಹೇರ್ ಸ್ಪಾಗೆ ಅದರ ಕೀರ್ತಿ ಸಲ್ಲುವುದುಂಟು. ವ್ಯಾಪಾರಕ್ಕೆ ಅನುಕೂಲವೆಂದು ನಾವು ಸುಮ್ಮನಿರುವುದೂ ಉಂಟು. ದುಂಡಗೆ ಬೋಳಾದ ಜಾಗ, ಅಗಲವಾಗುತ್ತಲೇ ಇರುವ ಬೈತಲೆ, ಮುಟ್ಟಿನ ಏರುಪೇರಿನೊಂದಿಗೆ ಗಲ್ಲದ ಮೇಲೆ ದಪ್ಪ ಕೂದಲು ಕಂಡರೆ ಚರ್ಮವೈದ್ಯರ ಬಳಿಗೆ ಕಳುಹಿಸಬೇಕು.

ಹೆರಿಗೆಯಾಗಿ ಆರೇಳು ತಿಂಗಳಾದವರು ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ನೆಟ್ಟಗೆ ನಿಂತಿರುವುದನ್ನು ತೋರಿಸಿ, ತುಂಡಾಗಿದೆ, ಸ್ಮೂತ್‌ನಿಂಗ್ ಮಾಡಿ ಎನ್ನುತ್ತಾರೆ. ಒಂದು ಎಳೆಯನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿದರೆ ಅನುಮಾನ ಬಗೆಹರಿಯುತ್ತದೆ. ತುಂಡಾದ ಕೂದಲಿನ ತುದಿ ಮೊಂಡಾಗಿ ಅಥವಾ ಸೀಳಿ ಇರುತ್ತದೆ. ಹೊಸದಾಗಿ ಹುಟ್ಟಿದ್ದರ ತುದಿ ಕ್ರಮೇಣ ಸಣ್ಣಗಾಗುತ್ತ ಚೂಪಾಗಿರುತ್ತದೆ. ಚೂಪಾಗಿದ್ದರೆ ಅದಕ್ಕೆ ರಾಸಾಯನಿಕವನ್ನೂ ಐರನ್ನಿನ ಬಿಸಿಯನ್ನೂ ಸೋಕಿಸದೆ, ಮುಂಗೂದಲನ್ನು ಆ ಎಳೆಗಳ ಮೇಲೆ ಬೀಳುವಂತೆ ಕತ್ತರಿಸಿಕೊಟ್ಟರೆ ಸಾಕು.