ಜಿಪಿಎಸ್‌ನಿಂದ ಭೂಕಂಪ, ಸುನಾಮಿ ಹ್ಯಾಂಗ ಗೊತ್ತಾಗ್ತದ್ರಿ?

ಚಿಂಚೋಳಿ ಕಡಿಯವರು ಒಬ್ರು ಕೇಳ್ಯಾರ: "ಸರ್, ನನ್ನ ಮೊಬೈಲ್ ಜಿಪಿಎಸ್ ನಮ್ಮ ಮನಿ ಬಿಟ್ಟು ಬಾಜೂ ಮನಿ ತೋರಸ್ತದ, ಇಂಥಾದ್ರಿಂದ ಭೂಕಂಪ, ಸುನಾಮಿ ಹ್ಯಾಂಗ ಹಿಡೀತಾರ? ಮೊದಲೇ ಹೇಳ್ತದೇನು?"

ಮೊದಲೇ ಹೇಳಂಗಿಲ್ರಿ, ಯಾವ ಮಶೀನೂ ಹೇಳಂಗಿಲ್ಲ, ನಾಳಿ ಇಷ್ಟು ಗಂಟೆಕ್ಕ ಭೂಕಂಪ ಅಂತ ವಾಟ್ಸಾಪ್‌ನಾಗ ಬಂದ್ರ ಡಿಲೀಟ್ ಮಾಡಿ ಮಲಕೋರಿ. ಜಿಪಿಎಸ್ ಕೆಲಸ ಏನಂದ್ರ ನೆಲ ನಡುಗಿದ ಮ್ಯಾಲ ಅದು ಎಷ್ಟು ದೊಡ್ಡದು ಅಂತ ಲಗೂನ ಹೇಳೋದು.

ಮೊಬೈಲಿಂದು 5 ಮೀಟರ್ ಆಚೀಚೆ ಆಗ್ತದ, ಖರೆ. ಆದ್ರ ಈ ಕೆಲಸದ ರಿಸೀವರ್ ಬಂಡೆಗಲ್ಲಿನ ಮ್ಯಾಲ ಗಟ್ಟಿ ಕೂಡಿಸಿರ್ತಾರ, ಅದು ಸ್ಯಾಟಲೈಟಿನ ರೇಡಿಯೋ ಅಲೆನೇ ಅಳೀತದ, ಒಂದು ಅಲೆ ಸುಮಾರು 19 ಸೆಂಟಿಮೀಟರ್ ಉದ್ದ, ಅದರ ತುಣುಕೂ ಲೆಕ್ಕಕ್ಕ ಹಿಡಿಯೋದ್ರಿಂದ ನೆಲ ಕೆಲವೇ ಸೆಂಟಿಮೀಟರ್ ಸರಿದ್ರೂ ಸಿಗ್ತದ.

ಹಂಗಾದ್ರ ನೆಲದ ನಡುಕ ಅಳೆಯೋ ಸೀಸ್ಮೋಗ್ರಾಫ್ ಮಶೀನು ಸಾಲಂಗಿಲ್ಲೇನು? ಸಣ್ಣದಕ್ಕ ಸಾಲ್ತದ. ಭಾರೀ ಭೂಕಂಪ ಹತ್ರದಾಗೇ ಆದ್ರ ಅದರ ಗತಿ ಕಿಲೋ ತೊಗರಿ ತೂಗೋ ತಕ್ಕಡಿ ಮ್ಯಾಲ ಲಾರಿ ನಿಲ್ಲಿಸಿದಂಗ. 2011ರ ಮಾರ್ಚ್ 11ಕ್ಕ ಜಪಾನಿನಾಗ ಹಿಂಗೇ ಆತು, ಮೂರು ನಿಮಿಷದಾಗ ಎಚ್ಚರಿಕೆ ಕೊಟ್ರು ಆದ್ರ ತೀವ್ರತೆ 7.9 ಅಂತ ಲೆಕ್ಕ ಬಂದಿತ್ತು, ಅಸಲಿಗೆ ಅದು 9, ಹಂಗಾಗಿ ಸಮುದ್ರದಂಡಿ ಪ್ರಾಂತಗಳಾದ ಮಿಯಾಗಿಗೆ 6 ಮೀಟರ್, ಇವಾತೆಗೆ 3 ಮೀಟರ್ ಅಲೆ ಅಂತ ಹೇಳಿದ್ರು, ಬಂದದ್ದು ಎಷ್ಟೋ ಪಟ್ಟು ದೊಡ್ಡದು. ಆದ್ರ ಅಲ್ಲೇ ಓಶಿಕಾದಾಗಿನ ಜಿಪಿಎಸ್ ಸ್ಟೇಷನ್ ಪೂರ್ವಕ್ಕ 5.3 ಮೀಟರ್ ಸರಿದು, 1.2 ಮೀಟರ್ ಕೆಳಗ ಕುಸಿದಿತ್ತು! ಆ ಡೇಟಾ ಆಮ್ಯಾಲ ಹಾಕಿ ನೋಡಿದ್ರ ಕೆಲವೇ ನಿಮಿಷದಾಗ ಇದು 9ರ ಹತ್ರದ್ದು ಅಂತ ಹೇಳಬಹುದಿತ್ತು ಅನ್ನೋದು ಗೊತ್ತಾತು, ಮೊದಲ ದೊಡ್ಡ ಅಲೆ ದಂಡಿಗೆ ಬಡಿಯಾಕ ಅರ್ಧ ತಾಸಿನಷ್ಟು ಟೈಮಿತ್ತು. ನನಗಂತೂ ಇದನ್ನ ಓದಿದಾಗ ಹೊಟ್ಟಿ ಚುರ್ ಅಂತು.

ಇನ್ನೊಂದು ಮಜಾ ಅದ. ಸುನಾಮಿ ಸಮುದ್ರನ ಎತ್ತಿದಾಗ ಮ್ಯಾಲಿನ ಗಾಳಿನೂ ಅಲೆ ಎದ್ದು ನೂರಾರು ಕಿಲೋಮೀಟರ್ ಮ್ಯಾಲಿರೋ ಅಯಾನುಗೋಳದ (ವಿದ್ಯುತ್ ಕಣ ತುಂಬಿದ ಗಾಳಿ ಪದರದ) ತನಕ ಹೋಗ್ತದ, ಅಲ್ಲಿಂದ ಹಾದು ಬರೋ ಜಿಪಿಎಸ್ ಸಿಗ್ನಲ್ ಕಲಕ್ತದ, ನಾಸಾದವ್ರು ಇದನ್ನ ನೋಡಾಕಂತಲೇ ಗಾರ್ಡಿಯನ್ ಅನ್ನೋ ಸಿಸ್ಟಮ್ ಮಾಡ್ಯಾರ.

ನಮ್ಮ ದೇಶದ ಸುನಾಮಿ ಎಚ್ಚರಿಕೆ ಕೇಂದ್ರ ಎಲ್ಲಿ ಅದ ಗೊತ್ತೇನ್ರಿ? ಬೀದರಿಂದ ರೈಲು ಹತ್ತಿದ್ರ ಸಿಗೋ ಹೈದರಾಬಾದಿನಾಗ, ಸಮುದ್ರನೇ ಇಲ್ಲದ ಊರಾಗ! ಇನ್‌ಕಾಯಿಸ್ ಅನ್ನೋ ಸಮುದ್ರ ಮಾಹಿತಿ ಸಂಸ್ಥೆದಾಗ ಅದ, ಈ ಎಚ್ಚರಿಕೆ ಕೇಂದ್ರ 2004ರ ಸುನಾಮಿ ಆದ ಮ್ಯಾಲ 2007ರಾಗ ಶುರು ಆತು.

ಆದ್ರ 2021ರಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವರದಾಗ ನಡುಗಿದಂಥ 4ರ ಆಸುಪಾಸಿನ ಭೂಕಂಪಕ್ಕ ಜಿಪಿಎಸ್ ಕೆಲಸಕ್ಕ ಬರಂಗಿಲ್ಲ, ಅಷ್ಟಕ್ಕ ನೆಲ ಕಾಯಂ ಸರಿಯೋದು ತೀರಾ ಕಮ್ಮಿ, ಅಲ್ಲಿ ಸೀಸ್ಮೋಗ್ರಾಫೇ ಬೇಕು.