ಕಿಡ್ನಿ ಕಸಿ ಆದವರಿಗೆ ಕ್ಯಾನ್ಸರ್ ಬರುತ್ತಾ? ಮಾತ್ರೆ ಬಿಡಬೇಕಾ?

ಪ್ರಶ್ನೆ: ನಮ್ಮ ಅಣ್ಣನಿಗೆ ಅಮ್ಮನ ಕಿಡ್ನಿ ಹಾಕಿಸಿ ಎರಡು ವರ್ಷ ಆಯ್ತು. ಆ ಮಾತ್ರೆಗಳಿಂದ ಕ್ಯಾನ್ಸರ್ ಬರುತ್ತೆ ಅಂತ ಯಾರೋ ಹೇಳಿದ್ದಾರೆ. ಅವತ್ತಿಂದ ರಾತ್ರಿ ಮಾತ್ರೆ ಬಿಡ್ತಾ ಇದ್ದಾನೆ. ಏನು ಮಾಡಲಿ? (ಚನ್ನಗಿರಿಯ ಓದುಗರು)

ಮೊದಲು ಕಸಿ ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಎಷ್ಟು ದಿನ ಮಾತ್ರೆ ತಪ್ಪಿದೆ ಅಂತ ಮುಚ್ಚಿಡದೆ ಹೇಳಿ. ಬಿಟ್ಟದ್ದನ್ನೆಲ್ಲ ಒಟ್ಟಿಗೆ ನುಂಗುವುದು ಬೇಡ. ಅಮ್ಮನದೇ ಆದರೂ ಅಣ್ಣನ ಮೈಗೆ ಆ ಕಿಡ್ನಿ ಹೊರಗಿನದು. ಮಾತ್ರೆ ತಪ್ಪಿದರೆ ಮೈ ಅದರ ಮೇಲೆ ತಿರುಗಿ ಬೀಳುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಒಳಗೊಳಗೇ ಹಾಳಾಗಿರುತ್ತದೆ. ಆಮೇಲೆ ಮತ್ತೆ ಡಯಾಲಿಸಿಸ್.

ಹಾಗಂತ ಮಾತ್ರೆಯಿಂದ ಕ್ಯಾನ್ಸರ್ ಬರುತ್ತೆ ಅಂತ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್‌ನಂಥ ಮಾತ್ರೆಗಳು ಮೈಯ ಕಾವಲನ್ನು, ಅಂದರೆ ರೋಗನಿರೋಧಕ ಶಕ್ತಿಯನ್ನು, ತಗ್ಗಿಸುತ್ತವೆ. ಕೆಟ್ಟುಹೋದ ಜೀವಕೋಶಗಳನ್ನು ಹುಡುಕಿ ಕೊಲ್ಲುವುದೂ ಅದೇ ಕಾವಲು. ಎಪ್‌ಸ್ಟೀನ್-ಬಾರ್ ಅನ್ನುವ ವೈರಸ್ ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸುಮ್ನೆ ಕೂತಿರುತ್ತದೆ. ಕಾವಲು ತಗ್ಗಿದಾಗ ಅದು ಎದ್ದು, ಕೆಲವರಲ್ಲಿ ಲಿಂಫೋಮಾ ಅನ್ನುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಆಗುವುದುಂಟು. ಅಮೆರಿಕದಲ್ಲಿ 1,75,000ಕ್ಕೂ ಹೆಚ್ಚು ಅಂಗಾಂಗ ಕಸಿಗಳನ್ನು ಪರಿಶೀಲಿಸಿದ ಅಧ್ಯಯನ 2011ರಲ್ಲಿ ಬಂತು. ಕಸಿ ಆದವರಲ್ಲಿ ಕ್ಯಾನ್ಸರ್ ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ಇತ್ತು. ಎರಡು ಪಟ್ಟು ಅಂದರೆ ಎಲ್ಲರಿಗೂ ಬರುತ್ತದೆ ಅಂತಲ್ಲ.

ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಬಹಳ. ನಮ್ಮಲ್ಲಿ ಅದು ಕಡಿಮೆ. ಆದರೂ ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ತಲೆಗೆ ಟವೆಲ್ ಇರಲಿ.

ನನಗೆ ಹೆಚ್ಚು ಚಿಂತೆ ಬಾಯಿಯದು. ನಿಮ್ಮದು ಅಡಿಕೆಯ ಊರು. ಬಂದವರಿಗೆಲ್ಲ ಎಲೆಅಡಿಕೆ ತಟ್ಟೆ ಇಡುವ ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇಡ ಅನ್ನುವುದು ಕಷ್ಟ, ಅಲ್ವಾ? ಅದರ ಮೇಲೆ ಎಷ್ಟೋ ಮನೆಗಳ ಬದುಕೇ ನಿಂತಿದೆ. ಆದರೆ ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಕಾವಲು ತಗ್ಗಿರುವ ಬಾಯಿಗೆ ಅಡಿಕೆ, ಗುಟ್ಕಾ, ಬೀಡಿ ಯಾವುದೂ ಬೇಡ. ಅಣ್ಣ ಬಿಡಬೇಕಾದದ್ದು ಇವನ್ನು, ಮಾತ್ರೆಯನ್ನಲ್ಲ.

ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕುತ್ತಿಗೆಯಲ್ಲಿ ಗಂಟು, ಬಿಡದ ಜ್ವರ, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ಊರಿಂದ ಆ ಕಡೆ ಬಂದಾಗ ಒಮ್ಮೆ ಬಾಯಿ ತೋರಿಸಿ ಹೋಗಲಿ. ಕಸಿ ಆಗಿದೆ ಅಂತ ಅಲ್ಲಿ ಹೇಳುವುದನ್ನು ಮರೆಯದಿರಲಿ.

ಮಾತ್ರೆಯ ಪ್ರಮಾಣ ಇಳಿಸುವುದು, ಬೇರೆ ಮಾತ್ರೆಗೆ ಬದಲಾಯಿಸುವುದು ಎರಡೂ ಸಾಧ್ಯ. ರಕ್ತ ಪರೀಕ್ಷೆ ನೋಡಿ ಡಾಕ್ಟರು ಅದನ್ನು ತೀರ್ಮಾನಿಸುತ್ತಾರೆ. ಅಣ್ಣನಿಗೆ ಬೈಯಬೇಡಿ, ಹೆದರಿ ಬಿಟ್ಟಿದ್ದಾರೆ ಅಷ್ಟೇ. ಆ ಹೆದರಿಕೆಯನ್ನೂ ಡಾಕ್ಟರ ಮುಂದೆ ಅವರೇ ಹೇಳಲಿ.